ಸೋದರತ್ತೆಯ ವಿಮಾನ ತುಮಕೂರಿನ ಮೇಲೆ ಕಾದದ್ದು

ಮೊಮ್ಮಗ ಭರತನಿಗೆ ಹೆಣ್ಣು ಮಗುವಾಗಿ ನಾನು ಮುತ್ತಜ್ಜಿಯಾದೆ. ಆ ಸಂತೋಷಕ್ಕೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಷ್ಟರಲ್ಲಿ ಅವನ ತಂಗಿ ಚೈತ್ರ, "ನಾಮಕರಣಕ್ಕೆ ಅಜ್ಜಿನ ನಾನೇ ವಿಮಾನದಲ್ಲಿ ಕರ್ಕೊಂಡ್ ಬರ್ತೀನಿ" ಅಂದುಬಿಟ್ಟಳು. ಬೆಂಗಳೂರಿನ ಒಂದು ಫ್ಲೈಯಿಂಗ್ ಕ್ಲಬ್ಬಿನಲ್ಲಿ ಕಲಿತು, ಸಣ್ಣ ವಿಮಾನವನ್ನು ತಾನೇ ಹಾರಿಸುವ ಲೈಸೆನ್ಸು ಅವಳ ಕೈಗೆ ಬಂದು ಕೆಲವೇ ತಿಂಗಳಾಗಿತ್ತು.

ತೊಟ್ಟಿಲ ಶಾಸ್ತ್ರ ಇದ್ದದ್ದು ಭರತನ ಹೆಂಡತಿಯ ತವರುಮನೆಯಲ್ಲಿ, ಬೆಂಗಳೂರಿನ ಯಲಹಂಕದಲ್ಲಿ. ನಮ್ಮಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ, ಅಂದರೆ ತಂದೆಯ ಒಡಹುಟ್ಟಿದವಳು. ಈ ಮಗುವಿಗೆ ಇರುವವಳು ಚೈತ್ರ ಒಬ್ಬಳೇ. ಹೆಸರು ಹುಡುಕುವುದನ್ನೂ ಭರತ ತಂಗಿಗೇ ಬಿಟ್ಟಿದ್ದ. ಮಗುವಿನ ಕಿವಿಗೆ ಬೀಳುವ ಮೊದಲು ಇನ್ನೊಬ್ಬರ ಕಿವಿಗೆ ಬೀಳಬಾರದು ಎಂದು ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ. ನನಗೂ ಹೇಳಿರಲಿಲ್ಲ.

ಮನೆಯವರೆಲ್ಲ ಹಿಂದಿನ ದಿನವೇ ರೈಲಿಗೆ ಹೊರಟರು. "ಅತ್ತೆ, ಮಂಜು ಗಿಂಜು ಬಿದ್ರೆ ಏನ್ ಮಾಡ್ತೀರಿ? ಸುಮ್ನೆ ನಮ್ ಜೊತೆ ಬನ್ನಿ" ಎಂದು ಸೊಸೆ ಕರೆದಳು. "ರೈಲು ನಾಳೆನೂ ಇರುತ್ತೆ ಮಾರಾಯ್ತಿ, ಇದು ಮತ್ತೆ ಸಿಗುತ್ತಾ?" ಅಂದೆ. ಅದೇ ದಿನ ಚೈತ್ರ ಬೆಂಗಳೂರಿನಿಂದ ಒಬ್ಬಳೇ ಹಾರಿ ಬಂದು, ಶಿವಮೊಗ್ಗದಲ್ಲಿ ವಿಮಾನ ನಿಲ್ಲಿಸಿ, ಭದ್ರಾವತಿಗೆ ನನ್ನ ಹತ್ತಿರ ಮಲಗಲು ಬಂದಳು.

ಬುಧವಾರ ಬೆಳಗ್ಗೆ ನ್ಯೂಟೌನಿನ ನಮ್ಮ ಮನೆಯಿಂದ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣಕ್ಕೆ ಆಟೋ ಹಿಡಿದೆವು. ಆಟೋದವನು ನಾನೂರು ಕೇಳಿದ. ನಾನು ವಿಷಯ ಹೇಳಿದ ಮೇಲೆ ಕನ್ನಡಿಯಲ್ಲಿ ಚೈತ್ರಳನ್ನು ನೋಡಿ, "ಈ ಪಾಪು ವಿಮಾನ ಓಡ್ಸುತ್ತಾ? ಅಜ್ಜಿ, ನೀವು ನನ್ ಆಟೋದಲ್ಲೇ ಬೆಂಗಳೂರಿಗೆ ಬನ್ನಿ, ಕೆಳಗೆ ಬಿದ್ರೂ ಮೊಣಕಾಲಷ್ಟೇ ತರಚೋದು" ಅಂದ. ಚೈತ್ರ ನಕ್ಕಳು. ಅವಳು ಆ ದಿನ ಬಾಯಿ ತುಂಬ ನಕ್ಕದ್ದು ಅದೇ ಕೊನೆ.

ಎಂಟಕ್ಕೆ ಹೊರಡುವುದೆಂದು ಇತ್ತು. ಮಾಗಿಯ ಮಂಜು ರನ್‌ವೇಯ ಆ ತುದಿಯನ್ನು ಕಾಣಿಸಗೊಡಲಿಲ್ಲ. ಅವಳ ಲೈಸೆನ್ಸಿಗೆ ಕಣ್ಣಿಗೆ ದಾರಿ ಕಂಡರೆ ಮಾತ್ರ ಹಾರಾಟ. ಕೂತು ಅಕ್ಕಿರೊಟ್ಟಿ ಚಟ್ನಿ ತಿಂದೆವು. ಹನ್ನೆರಡಕ್ಕೆ ರಾಹುಕಾಲ, ಅಷ್ಟರೊಳಗೆ ಹೆಸರಿಡಬೇಕು. ಒಂಬತ್ತೂವರೆಯ ಹೊತ್ತಿಗೆ ಮಂಜು ಕರಗಿತು. "ಒಂದೂವರೆ ತಾಸಿಗೆ ಇಳೀತೀವಿ ಅಜ್ಜಿ" ಎಂದು ಅವಳು ನನ್ನ ಸೊಂಟಕ್ಕೆ ಪಟ್ಟಿ ಬಿಗಿದಳು.

ಮೇಲೇರಿದಾಗ ನನಗೆ ಹೆದರಿಕೆ ಆಗಲಿಲ್ಲ. ಭದ್ರಾ ಹೊಳೆ ಯಾರೋ ಒಗೆದು ಹರವಿದ ಸೀರೆಯ ಹಾಗೆ ಮಲಗಿತ್ತು. ನಮ್ಮೂರ ಕಾರ್ಖಾನೆಯ ಚಿಮಣಿಗಳನ್ನು ಹುಟ್ಟಿದಾಗಿನಿಂದ ಕತ್ತೆತ್ತಿ ನೋಡಿದವಳು ಅವತ್ತು ಬಗ್ಗಿ ನೋಡಿದೆ. ದೂರದಲ್ಲಿ ಲಕ್ಕವಳ್ಳಿ ಅಣೆಕಟ್ಟಿನ ನೀರು ಹೊಳೆಯಿತು. ಮಡಿಲಲ್ಲಿ ಮಗುವಿಗೆಂದು ನಾನು ಹೊಲಿದ ಕುಲಾವಿ. ಇದಕ್ಕಿಂತ ಹೆಚ್ಚಿಗೆ ದೇವರು ನನಗೆ ಏನು ಕೊಡಬೇಕು ಅನ್ನಿಸಿತು.

ತುಮಕೂರಿನ ಹತ್ತಿರ ಬರುವವರೆಗೆ ಎಲ್ಲ ಹೀಗೇ ಇತ್ತು. ಅಲ್ಲಿಂದ ಮುಂದೆ ಬೆಂಗಳೂರಿನ ಆಕಾಶ. ದೊಡ್ಡ ವಿಮಾನಗಳು ಸಾಲುಗಟ್ಟಿ ಇಳಿಯುವ ಜಾಗವಾದ್ದರಿಂದ ಕೆಳಗೆ ಕೂತ ಕಂಟ್ರೋಲಿನವರು ರೇಡಿಯೋದಲ್ಲಿ ಒಪ್ಪಿಗೆ ಕೊಡದೆ ಒಳಗೆ ಕಾಲಿಡುವ ಹಾಗಿಲ್ಲ. ಚೈತ್ರ ಮೊದಲೆಲ್ಲ ಒಳಗೆ ಬಂದದ್ದು ಪಕ್ಕದಲ್ಲಿ ಗುರುಗಳನ್ನು ಕೂರಿಸಿಕೊಂಡು. ಒಬ್ಬಳೇ ಕೇಳಿಕೊಂಡು ಬರುವುದು ಇದೇ ಮೊದಲು. ಪಕ್ಕದಲ್ಲಿ ನಾನಿದ್ದೆ, ಏನು ಪ್ರಯೋಜನ.

ನನ್ನ ತಲೆಗೂ ಒಂದು ಹೆಡ್‌ಫೋನು ಸಿಕ್ಕಿಸಿದ್ದಳು. ಅದರೊಳಗೆ ಸಂತೆ. ಒಬ್ಬರು ಮುಗಿಸುವ ಮೊದಲೇ ಇನ್ನೊಬ್ಬರು. ಚೈತ್ರ ಬಾಯಿ ತೆರೆಯುತ್ತಾಳೆ, ಯಾರೋ ನುಗ್ಗುತ್ತಾರೆ, ಅವಳು ಬಾಯಿ ಮುಚ್ಚುತ್ತಾಳೆ. ಕೊನೆಗೂ ಸಂದು ಸಿಕ್ಕಾಗ ಅವಸರವಸರವಾಗಿ ಶುರು ಮಾಡಿದಳು. ನಮ್ಮ ವಿಮಾನದ ಹೆಸರು ಹೇಳಿದಳು, ಎಲ್ಲಿದ್ದೇವೆ ಅನ್ನುವುದನ್ನು ಮರೆತಳು, ಮತ್ತೆ ಹೇಳಿದಳು. ಆ ಕಡೆಯವರು ನಮ್ಮ ಹೆಸರು ಹಿಡಿದು ಕರೆದು "ಸ್ಟ್ಯಾಂಡ್ ಬೈ" ಅಂದರು.

"ಹೆಸರು ಹಿಡಿದು ಕರೆದ್ರಲ್ಲ, ನಡಿಯೇ ಒಳಗೆ" ಅಂದೆ.

"ಕರೆದ್ರೆ ಸಾಲ್ದು ಅಜ್ಜಿ. ಒಳಗೆ ಬನ್ನಿ ಅನ್ನಬೇಕು. ಕಾಯ್ರಿ ಅಂದಿದ್ದಾರೆ."

ಒಂದು ಕೆರೆಯ ಮೇಲೆ ಸುತ್ತು ಹಾಕತೊಡಗಿದೆವು. ಅದೇ ಕೆರೆ, ಅದೇ ಗುಡ್ಡ, ಅದೇ ಹೈವೇ. ಕೆಳಗೆ ಬಸ್ಸುಗಳು ಯಾರನ್ನೂ ಕೇಳದೆ ಬೆಂಗಳೂರಿನ ಕಡೆಗೆ ಹೋಗುತ್ತಿದ್ದವು. ಚೈತ್ರಳ ಕಣ್ಣು ಗಡಿಯಾರಕ್ಕೆ, ಪೆಟ್ರೋಲಿನ ಮುಳ್ಳಿಗೆ, ಮತ್ತೆ ಗಡಿಯಾರಕ್ಕೆ. ಅವಳ ಮುಖ ನೋಡಲಾರದೆ ನಾನು ಕುಲಾವಿಯ ದಾರ ಹಿಡಿದು ಕೂತೆ.

ಆಗ ಕಿವಿಯಲ್ಲಿ ಮತ್ತೆ ನಮ್ಮ ಹೆಸರು. ವಿಕ್ಟರ್ ಟ್ಯಾಂಗೋ ಅಂದರೆ ನಾವೇ ಎಂದು ಅಷ್ಟರಲ್ಲಿ ನನಗೂ ಗೊತ್ತಾಗಿತ್ತು. ಕರೆದರೆ ಓಗೊಡದೆ ಕೂರುವುದು ನಮ್ಮ ಮನೆತನದಲ್ಲಿ ಇಲ್ಲ. "ಓ, ಇದೀವಪ್ಪಾ, ಇಲ್ಲೇ ಇದೀವಿ, ತೊಟ್ಟಿಲು ಶಾಸ್ತ್ರ ಇದೆ, ಸ್ವಲ್ಪ ಬೇಗ ನೋಡು" ಅಂದೆ. ನನ್ನ ಮಾತು ಆಚೆಗೆ ಹೋಗುವುದಿಲ್ಲ, ಪಕ್ಕದವಳ ಕಿವಿಗೆ ಮಾತ್ರ ಬೀಳುತ್ತದೆ ಎಂದು ನನಗೇನು ಗೊತ್ತು. ಅವಳ ಕಿವಿಯಲ್ಲಿ ನನ್ನ ದನಿಯ ಕೆಳಗೆ ಅವರ ದನಿ ಮುಚ್ಚಿಹೋಯಿತು.

ಅವರು ಹೇಳಿದ್ದನ್ನು ಅಂಕಿ ಸಮೇತ ಹಾಗೇ ತಿರುಗಿ ಒಪ್ಪಿಸಿದರೆ ಮಾತ್ರ ಒಪ್ಪಿಗೆ. ಚೈತ್ರಳಿಗೆ ಅರ್ಧ ಕೇಳಿಸಿತ್ತು. ಇನ್ನೊಮ್ಮೆ ಹೇಳಿ ಎಂದು ಕೇಳಿದಳು. ಅವಳ ಮಾತಿನ ಮೇಲೆ ಯಾವುದೋ ದೊಡ್ಡ ವಿಮಾನದವರು ಮಾತಾಡಿದರು, ಅವರ ಮೇಲೆ ಮತ್ತೊಬ್ಬರು. ನಮ್ಮ ಸರದಿ ಮತ್ತೆ ಬಂದಾಗ ಆ ಕಡೆಯವರು ಸಮಾಧಾನವಾಗಿಯೇ ಮಾತಾಡಿದರು.

"ಏನಂತೆ?"

"ಈಗ ಸಾಲು ದೊಡ್ಡದಿದೆಯಂತೆ. ಹೊರಗೇ ಇರಬೇಕಂತೆ. ಮೊದಲು ಕರೆದಾಗ ಬಿಡ್ತಾ ಇದ್ರು ಅನ್ಸುತ್ತೆ."

"ನಾನೊಂದು ಮಾತು ಕೇಳ್ಕೊಳ್ಲಾ ಅವರನ್ನ?"

"ಅಜ್ಜಿ, ಸ್ವಲ್ಪ ಹೊತ್ತು ಸುಮ್ನಿರು."

ಗದರಲಿಲ್ಲ, ಮೆಲ್ಲಗೇ ಅಂದಳು.

ಬೆಂಗಳೂರಿನಲ್ಲಿ ತುಂಬಿಸಿದ್ದ ಪೆಟ್ರೋಲಿನಲ್ಲೇ ಬಂದು ಹೋಗುವ ಲೆಕ್ಕ ಅವಳದು. ಈ ಸಣ್ಣ ವಿಮಾನ ಕುಡಿಯುವ ಎಣ್ಣೆ ಎಲ್ಲ ಕಡೆ ಸಿಗುವುದಿಲ್ಲವಂತೆ. ಕಾಯುತ್ತಾ ಹೋದರೆ ಶಿವಮೊಗ್ಗಕ್ಕೆ ಮರಳುವಷ್ಟೂ ಉಳಿಯದು, ಒಳಗೆ ಬಿಡುವ ಭರವಸೆಯೂ ಇಲ್ಲ. ಹನ್ನೊಂದು ದಾಟಿದ ಮೇಲೆ ಇನ್ನೊಂದೇ ಒಂದು ಸಲ ಕೇಳಿದಳು. "ಸ್ಟ್ಯಾಂಡ್ ಬೈ." ಅವಳು ಒಂದು ಸುತ್ತು ಪೂರ್ತಿ ಮುಗಿಸಿದಳು. ಆಮೇಲೆ ವಿಮಾನದ ಮೂತಿ ಬಂದ ದಾರಿಗೆ ತಿರುಗಿತು.

ಮರಳುವಾಗ ಭದ್ರಾವತಿ ಮತ್ತೆ ಕಂಡಿತು. ನಾನು ಬಗ್ಗಿ ನೋಡಲಿಲ್ಲ.

ಮೇಲೆ ಫೋನಿಗೆ ಸಿಗ್ನಲ್ ಇರಲಿಲ್ಲ. ಶಿವಮೊಗ್ಗದಲ್ಲಿ ಇಳಿದಾಗ ಹನ್ನೆರಡು ಕಳೆದಿತ್ತು. ಚೈತ್ರಳ ಫೋನು ಒಂದೇ ಸಮನೆ ಗುಂಯ್‌ಗುಟ್ಟಿತು. ರೆಕ್ಕೆಯ ನೆರಳಲ್ಲಿ ನಿಂತು ಅಣ್ಣನಿಗೆ ಫೋನು ಮಾಡಿದಳು.

"ಎಲ್ಲಿದೀಯೇ? ಎಷ್ಟು ಸಲ ಮಾಡ್ದೆ. ಕೊನೇ ನಿಮಿಷದವರೆಗೂ ಮಗೂನ ತೋಳಲ್ಲೇ ಇಟ್ಕೊಂಡಿದ್ವಿ. ಹೊತ್ತು ಮೀರುತ್ತೆ ಅಂತ ಪುರೋಹಿತರು ಎದ್ದೇ ಬಿಟ್ರು. ನೀನಿಟ್ಟಿದ್ದ ಹೆಸರು ಯಾರಿಗೂ ಗೊತ್ತಿಲ್ವಲ್ಲೇ. ಇವಳ ಅಕ್ಕ ತೊಟ್ಟಿಲಿಗೆ ಹಾಕಿ ಆದ್ಯ ಅಂತ ಹೇಳಿದ್ರು. ಬೇಜಾರಾ?"

"ಇಲ್ಲ ಕಣೋ. ಚೆನ್ನಾಗಿದೆ" ಅಂದಳು ಚೈತ್ರ. ಆಕಾಶದಲ್ಲಿ ನಾನು ಓಗೊಟ್ಟ ಸುದ್ದಿಯನ್ನು ಅವಳು ಇವತ್ತಿನವರೆಗೂ ಯಾರ ಮುಂದೆಯೂ ಎತ್ತಿಲ್ಲ.

ಭದ್ರಾವತಿಗೆ ಬಸ್ಸಿನಲ್ಲಿ ಬಂದೆವು. ಸೀಟು ಸಿಗಲಿಲ್ಲ, ಕಂಬ ಹಿಡಿದು ನಿಂತೆವು. ಬೈಪಾಸಿನ ಹತ್ತಿರ ಬಂದಾಗ ತಡೆಯಲಾರದೆ ಕೇಳಿದೆ: "ನೀನು ಏನು ಹೆಸರು ಇಟ್ಕೊಂಡಿದ್ದೆ ಮಗಾ?"

"ಬಿಡು ಅಜ್ಜಿ. ಇನ್ನು ಅದು ಯಾರದ್ದು?"

ಸಂಜೆ ವಿಡಿಯೋದಲ್ಲಿ ಮಗುವನ್ನು ತೋರಿಸಿದರು. ಎಂಥ ಮಗು. ಬೆಲ್ಲದ ಅಚ್ಚಿನಂಥ ಮುಖ, ನಮ್ಮ ಮನೆಯದೇ ಹಣೆ. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಆ ಕಡೆ ಎಲ್ಲರೂ ಸುತ್ತ ನಿಂತು "ಆದ್ಯ, ಆದ್ಯ" ಎಂದು ಚಿಟಿಕೆ ಹಾಕಿ ಕರೆಯುತ್ತಿದ್ದರು. "ಅತ್ತೆ ಕರೀಲಿ, ಅತ್ತೆ ಕರೀಲಿ" ಎಂದು ಭರತ ಫೋನನ್ನು ಮಗುವಿನ ಹತ್ತಿರ ಹಿಡಿದ.

ಚೈತ್ರ ಪರದೆಗೆ ಮುಖ ತಂದಳು. ಅವಳ ತುಟಿಗಳು ಬೇರೆ ಯಾವುದೋ ಅಕ್ಷರಕ್ಕೆ ಕೂಡಿದವು. ಒಂದು ಗಳಿಗೆ ಹಾಗೇ ನಿಂತವು. ಆಮೇಲೆ ಬಿಡಿಸಿಕೊಂಡು, "ಆದ್ಯ" ಎಂದು ಕರೆದಳು.