ಅಣ್ಣ ಹಾಡಿದ ಎಂಟು ಹಾಡುಗಳು

ಅಣ್ಣನ ಕತ್ತಿನಲ್ಲಿ ಗಡ್ಡೆ ಇರುವುದನ್ನು ಮೊದಲು ಕಂಡವಳು ನಾನು. ಶಾಲೆಯ ಪಿಯಾನೋ ಮುಂದೆ ಕೂತು ನುಡಿಸುತ್ತಿದ್ದೆ. ಅವನು ಪಕ್ಕದಲ್ಲಿ ನಿಂತು ಕೆಳಗಿನ ಸ್ವರಕ್ಕೆ ಇಳಿಯುತ್ತಿದ್ದ. ಕಾಲರಿನ ಮೇಲೆ ನೆಲ್ಲಿಕಾಯಿ ಗಾತ್ರದ ಉಬ್ಬೊಂದು ಜಾರಿ ಮರೆಯಾಯಿತು.

"ಏನಣ್ಣ ಅದು?"

"ಏನೋ ಉಳುಕು ಕಣೆ, ಹೋಗುತ್ತೆ ಬಿಡು."

ಹೋಗಲಿಲ್ಲ. ಒಂದು ವರ್ಷದಲ್ಲಿ ನಿಂಬೆಹಣ್ಣಿನಷ್ಟಾಯಿತು.

ಕೊಡಗು ಆಗ ಇಂಗ್ಲಿಷರ ಕೈಯಲ್ಲಿತ್ತು. ನಮ್ಮದು ಮೂಲತಃ ಶಿರಂಗಾಲದ ಕಡೆಯ ಒಕ್ಕಲು ಮನೆತನ. ಅಪ್ಪ ಮಡಿಕೇರಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ನಾನು ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ಹದಿನಾಲ್ಕಕ್ಕೆ ತವರಿಗೆ ಬಂದವಳು. ಅಪ್ಪ ನೆಂಟರ ಮಾತಿಗೆ ಕಿವಿಗೊಡದೆ ನನ್ನನ್ನು ಕನ್ಯಾಸ್ತ್ರೀಯರ ಶಾಲೆಗೆ ಹಾಕಿದರು. ಪಿಯಾನೋ ಕಲಿತದ್ದು ಅಲ್ಲಿಯೇ, ಆಮೇಲೆ ಟೀಚರಾದದ್ದೂ ಅಲ್ಲಿಯೇ. ಅಣ್ಣ ಮೈಸೂರಿನಲ್ಲಿ ಓದುವಾಗ ಮುದಿ ಜರ್ಮನ್ ಮೇಷ್ಟ್ರೊಬ್ಬರು ಅವನ ದನಿ ಕೇಳಿ ಕರೆದು ತಮ್ಮ ನಾಡಿನ ಹಾಡುಗಳನ್ನು ಕಲಿಸಿದ್ದರು. ತೀರ ಮೇಲಕ್ಕೂ ಹೋಗದ, ತೀರ ಆಳಕ್ಕೂ ಇಳಿಯದ ಗಂಡು ದನಿ ಅವನದು. ಬ್ಯಾರಿಟೋನ್ ಅನ್ನುತ್ತಾರೆ. ಊರಿಗೆ ಬಂದು ಇಂಗ್ಲಿಷ್ ಮೇಷ್ಟ್ರಾದ ಮೇಲೂ ಅವನು ಆ ಹಾಡುಗಳನ್ನು ಬಿಡಲಿಲ್ಲ. ಭಾನುವಾರ ಮಧ್ಯಾಹ್ನ ಸಿಸ್ಟರುಗಳು ಶಾಲೆಯ ಬೀಗ ತೆಗೆದುಕೊಡುತ್ತಿದ್ದರು. ವಿಧವೆ ತಂಗಿ ನುಡಿಸುವುದು, ಅಣ್ಣ ಹಾಡುವುದು. ನನ್ನ ಆಗಿನ ಬದುಕಿನಲ್ಲಿ ಕಾದು ಕೂರುವಂಥದ್ದು ಬೇರೇನೂ ಇರಲಿಲ್ಲ.

ಪುಷ್ಯ ಮಾಸದ ಚಳಿಯಲ್ಲಿ ಅವನು ಆಸ್ಪತ್ರೆಗೆ ಹೋಗಿ ಬಂದ. ನನ್ನನ್ನು ಹಿತ್ತಲಿಗೆ ಕರೆದು ಹೇಳಿದ:

"ಗಡ್ಡೆ ಉಸಿರಿನ ಕೊಳವೆ ಒತ್ತುತಾ ಇದೆಯಂತೆ. ಮೈಸೂರಿಗೆ ಹೋಗಿ ಕುಯ್ಸಬೇಕಂತೆ. ಈಗಲೇ."

"ಹಂಗಾದ್ರೆ ನಾಳೆನೇ ಹೊರಡು."

"ದನಿ ಹೋಗಬಹುದು ಅಂದ್ರು ಡಾಕ್ಟ್ರು. ದನಿಯ ನರ ಅಲ್ಲೇ ಇದೆಯಂತೆ." ಅವನು ಬೇಲಿಯ ಕಡೆ ನೋಡುತ್ತ ನಿಂತ. "ಒಂದೇ ಸಲ ಜನರ ಮುಂದೆ ಹಾಡಿ ಹೋಗ್ತೀನಿ ಕಣೆ. ಕಾಫಿ ಪಿಕಿಂಗ್ ಮುಗಿದ ಮೇಲೆ ತೋಟದ ದೊರೆಗಳೆಲ್ಲ ಮಡಿಕೇರಿಗೆ ಬರ್ತಾರೆ. ಆಗ ಹಾಲ್ ಕೊಡ್ತೀವಿ ಅಂದಿದ್ದಾರೆ ಸಿಸ್ಟರ್. ಆರು ವಾರ, ಅಷ್ಟೆ. ಡಾಕ್ಟ್ರು ಶಿವರಾತ್ರಿ ಕಳೆದು ಬಾ ಅಂದಿದ್ದಾರೆ ಅಂತ ಅಪ್ಪಂಗೆ ಹೇಳೋಣ."

ಹೇಳೋಣ ಎಂದ, ನಾನು ಹ್ಞೂಂ ಎಂದೆ. ಅಪ್ಪ ನಂಬಿದರು, ಏಕೆಂದರೆ ನಾನೂ ಹೇಳಿದೆ.

ಆ ಆರು ವಾರ ನಾವು ಎಂಟು ಹಾಡು ಅಭ್ಯಾಸ ಮಾಡಿದೆವು. ಮೊದಲ ವಾರ ಒಂದೇ ಉಸಿರಿಗೆ ಹೇಳುತ್ತಿದ್ದ ಸಾಲನ್ನು ಮೂರನೆಯ ವಾರ ಎರಡು ತುಂಡು ಮಾಡಿದ, ನಾಲ್ಕನೆಯ ವಾರ ಮೂರು. ಅವನು ಎಲ್ಲಿ ಉಸಿರು ಎಳೆಯುತ್ತಾನೋ ಅಲ್ಲೆಲ್ಲ ಪುಸ್ತಕದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದುಕೊಂಡೆ. ಕೊನೆಗೆ ಪುಟದ ತುಂಬ ಗೆರೆಗಳು. ಅವನು ಉಸಿರೆಳೆದಾಗ ಮುಚ್ಚಿದ ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ ಸದ್ದು. ಅವ್ವ ಅದನ್ನು ನೆಗಡಿ ಎಂದುಕೊಂಡು ಕಾಳುಮೆಣಸಿನ ಕಷಾಯ ಕಾಯಿಸಿ ಕೊಡುತ್ತಿದ್ದಳು. ಅವನು ಕುಡಿಯುತ್ತಿದ್ದ.

ಐದನೆಯ ವಾರ ಶಾಲೆಯ ಮೆಟ್ಟಿಲು ಹತ್ತುವಾಗ ಕುಸಿದು ಕೂತ. ತುಟಿ ನೀಲಿಯಾಗಿತ್ತು. ಬಾಯಿ ತೆರೆದಿದ್ದರೂ ಗಾಳಿ ಒಳಗೆ ಹೋಗುತ್ತಿರಲಿಲ್ಲ. ನಾನು ಬೆನ್ನು ನೀವಿದೆ, ಅಣ್ಣಾ ಅಣ್ಣಾ ಎಂದು ಕೂಗಿದೆ. ಸುಮಾರು ಹೊತ್ತಾದ ಮೇಲೆ ಉಸಿರು ಬಂತು. "ಇವತ್ತೇ ಅಪ್ಪಂಗೆ ಹೇಳ್ತೀನಿ" ಎಂದೆ. ಅವನು ನನ್ನ ಮಣಿಕಟ್ಟು ಹಿಡಿದ.

"ಹೇಳಿದ್ರೆ ನಾನು ಸತ್ತ ಹಾಗೇ ಕಣೆ. ನಿನ್ನ ಕಾಲಿಗೆ ಬೀಳ್ತೀನಿ. ಹತ್ತೇ ದಿನ."

ಅಣ್ಣ ಕಾಲಿಗೆ ಬೀಳುತ್ತೇನೆ ಎಂದ ಮೇಲೆ ಅವನ ತೋಳು ಹಿಡಿದು ಎಬ್ಬಿಸಿದೆ. ನಿಜ ಹೇಳಬೇಕೆಂದರೆ, ನನಗೂ ಆ ದಿನ ಬೇಕಿತ್ತು. ಬಳೆಯಿಲ್ಲದ ನನ್ನ ಕೈಯನ್ನು ಜನ ಒಮ್ಮೆಯಾದರೂ ಬೇರೆ ಕಾರಣಕ್ಕೆ ನೋಡಲಿ ಎಂಬ ಆಸೆ ಒಳಗೇ ಇತ್ತು. ಅಪ್ಪನಿಗೆ ಹೇಳಲಿಲ್ಲ.

ಕಾರ್ಯಕ್ರಮ ಸಂಜೆ ನಾಲ್ಕೂವರೆಗೆ. ಕಾಲರಿನ ಗುಂಡಿ ಹಾಕಲು ಅವನಿಗೆ ಆಗಲಿಲ್ಲ. ಬಿಳಿ ವಸ್ತ್ರ ಸುತ್ತಿ ಪಿನ್ ಚುಚ್ಚಿದೆ. ಹಾಲಿನಲ್ಲಿ ಮೂವತ್ತು ನಲವತ್ತು ಜನ. ಮುಂದಿನ ಸಾಲಿನಲ್ಲಿ ದೊರೆಗಳು, ದೊರೆಸಾನಿಯರು, ಹಿಂದೆ ಅವನ ಶಾಲೆಯ ಮೇಷ್ಟ್ರುಗಳು. ಕೊನೆಯ ಬೆಂಚಿನಲ್ಲಿ ಅಪ್ಪ, ರುಮಾಲು ಸುತ್ತಿ, ಕಚೇರಿಯ ಕರಿ ಕೋಟು ಹಾಕಿ ನೆಟ್ಟಗೆ ಕೂತಿದ್ದರು. ಮಗ ಹಾಡುವುದನ್ನು ಅವರು ಎಂದೂ ಸರಿಯಾಗಿ ಕೇಳಿರಲಿಲ್ಲ.

ಮೊದಲ ನಾಲ್ಕು ಹಾಡು ಚೆನ್ನಾಗಿಯೇ ಆದವು. ಎರಡನೆಯದನ್ನು ಅವನು ಅದಕ್ಕೆ ಮೊದಲೆಂದೂ ಅಷ್ಟು ಚೆನ್ನಾಗಿ ಹಾಡಿರಲಿಲ್ಲ. ಮಾತು ತಿಳಿಯದಿದ್ದರೂ ಮೇಷ್ಟ್ರುಗಳು ಅಲುಗಾಡದೆ ಕೂತಿದ್ದರು. ಐದನೆಯದರ ನಡುವೆ ಉಸಿರು ಸಿಗಲಿಲ್ಲ. ನಾನು ಪಿಯಾನೋ ಒಂದೇ ನುಡಿಯುವ ನಡುಭಾಗವನ್ನು ಮತ್ತೆ ನುಡಿಸಿದೆ, ಇನ್ನೊಮ್ಮೆ ನುಡಿಸಿದೆ. ಮೂರನೆಯ ಸಲ ಅವನು ಸೇರಿಕೊಂಡ. ಯಾರಿಗೂ ತಿಳಿದಂತೆ ಕಾಣಲಿಲ್ಲ. ಆರನೆಯದರಲ್ಲಿ ದನಿ ಒಡೆಯಿತು. ಏಳನೆಯದರಲ್ಲಿ ಅರ್ಧ ಮಾತುಗಳೇ ಇರಲಿಲ್ಲ. ಮುಂದೆ ಕೂತಿದ್ದ ದೊರೆಸಾನಿಯೊಬ್ಬಳು ತಲೆ ತಗ್ಗಿಸಿ ಕೈಚೀಲದ ದಾರ ಬಿಗಿಯುತ್ತಿದ್ದಳು. ಅಣ್ಣನ ಕತ್ತಿನ ಬಟ್ಟೆ ಬೆವರಿನಿಂದ ತೊಯ್ದಿತ್ತು.

ಅಪ್ಪ ಎದ್ದರು. ಬೆಂಚುಗಳ ನಡುವೆ ನಡೆದು ವೇದಿಕೆಯ ಕೆಳಗೆ ಬಂದು ನಿಂತು, ದೊರೆಗಳೆದುರು ಎಂಬುದನ್ನೂ ಮರೆತು ಕೈ ಚಾಚಿದರು.

"ಸಾಕು ಮಗ. ಇಳಿ ಬಾ."

ಅಣ್ಣ ಅವರ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿ ಒಂದು ಬೆರಳು ಎತ್ತಿ ತೋರಿಸಿದ. ಇನ್ನೊಂದು. ಪಿಯಾನೋ ಮುಚ್ಚಳ ಹಾಕಿ ಏಳಬಹುದಿತ್ತು. ಅಪ್ಪನ ಚಾಚಿದ ಕೈ ಕಾಣುತ್ತಿತ್ತು. ನಾನು ಎಂಟನೆಯ ಹಾಡು ಶುರುಮಾಡಿದೆ.

ಅವನು ಮೊದಲ ಚರಣ ಹಾಡಿದ, ಎರಡನೆಯದನ್ನು ಬರೀ ಮಾತಿನಂತೆ ಆಡಿದ. ಕೊನೆಯ ಸಾಲಿಗೆ ಬಾಯಿ ತೆರೆದ, ಸದ್ದೇ ಬರಲಿಲ್ಲ. ನಾನು ನನ್ನ ಪಾಲಿನದನ್ನು ಕೊನೆಯವರೆಗೆ ನುಡಿಸಿದೆ. ಯಾರೋ ಇಬ್ಬರು ಚಪ್ಪಾಳೆ ತಟ್ಟಿ ನಿಲ್ಲಿಸಿದರು. ಅಣ್ಣ ಪಿಯಾನೋ ಹಿಡಿದುಕೊಂಡು ಜಾರಿದ. ಅಪ್ಪ ಮೇಲೆ ಹತ್ತಿ ತೋಳಿನಲ್ಲಿ ಹಿಡಿದರು. ಒಬ್ಬ ದೊರೆ ತನ್ನ ಮೋಟಾರು ಕೊಟ್ಟ. ಮೈಸೂರಿನವರೆಗೂ ಅಣ್ಣನ ಉಸಿರಿನ ಸದ್ದು ಕೇಳಿಕೊಂಡೇ ಕೂತಿದ್ದೆವು. ಅದು ನಿಂತಾಗಲೆಲ್ಲ ಅಪ್ಪ "ಶಿವಾ, ಶಿವಾ" ಅನ್ನುತ್ತಿದ್ದರು.

ಗಡ್ಡೆ ತೆಗೆದರು. ಜೀವ ಉಳಿಯಿತು. ವರಾಂಡದಲ್ಲಿ ಸರ್ಜನ್ ಅಪ್ಪನಿಗೆ ಹೇಳಿದರು: "ಗಡ್ಡೆ ನರಕ್ಕೆ ಪೂರ್ತಿ ಸುತ್ತಿಕೊಂಡಿತ್ತು. ಮಡಿಕೇರಿ ಡಾಕ್ಟರು ಹೇಳಿದಾಗಲೇ ಬಂದಿದ್ದರೆ ದನಿ ಉಳಿಸೋಕೆ ಆಗ್ತಿತ್ತೋ ಏನೋ. ಯಾಕೆ ತಡ ಮಾಡಿದ್ರಿ?"

ಅಪ್ಪ ನನ್ನ ಕಡೆ ತಿರುಗಿದರು.

"ನಿಂಗೆ ಗೊತ್ತಿತ್ತಾ ಮಗಳೆ?"

"ಗೊತ್ತಿತ್ತು ಅಪ್ಪ."

ಅವರು ಬೈಯಲಿಲ್ಲ. ರುಮಾಲು ತೆಗೆದು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತರು. ಊರಿಗೆ ಬಂದ ಮೇಲೆ ಭಾನುವಾರ ನಾನು ಎಲ್ಲಿಗೆ ಹೋಗುತ್ತೇನೆ ಎಂದು ಅವರು ಕೇಳಲಿಲ್ಲ. ನಾನು ಎಲ್ಲಿಗೂ ಹೋಗುತ್ತಿರಲಿಲ್ಲ.

ಅಣ್ಣನಿಗೆ ಪಿಸುಮಾತಷ್ಟೇ ಉಳಿಯಿತು. ಮೇಷ್ಟ್ರ ಕೆಲಸ ಹೋಯಿತು. ಶ್ರೀಮಂಗಲದ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿ ಸೇರಿದ. ಬೆಳಿಗ್ಗೆ ಲೈನ್ ಮನೆಗಳ ಆಳುಗಳನ್ನು ಕರೆಯಲು ಅವನಿಗೊಂದು ಸೀಟಿ ಕೊಟ್ಟಿದ್ದರು. ಎರಡು ವರ್ಷದ ಮೇಲೆ ನಾನೊಬ್ಬಳೇ ಅವನನ್ನು ನೋಡಲು ಹೋದೆ. ಅವನೇ ಒಲೆ ಹಚ್ಚಿ ಕಾಫಿ ಮಾಡಿದ. ಎದುರಿಗೆ ಕೂತು ಕೇಳಿಯೇಬಿಟ್ಟೆ:

"ಅಣ್ಣ, ನಾನು ಮಾಡಿದ್ದು ತಪ್ಪಾ?"

ಅವನ ಮಾತು ಕೇಳಲು ಹತ್ತಿರ ಸರಿಯಬೇಕಾಯಿತು.

"ಬೇಡಿಕೊಂಡಿದ್ದು ನಾನೇ. ಆದ್ರೆ ನೀನು ನನ್ನ ಮಾತು ಕೇಳಬಾರದಿತ್ತು ಕಣೆ."

ಅದರಲ್ಲಿ ಸಿಟ್ಟಿರಲಿಲ್ಲ. ಮಳೆ ತಡವಾಯಿತು ಎಂದಷ್ಟೇ ಸಹಜವಾಗಿ ಹೇಳಿದ. ಅವನು ದೂರುವುದಿಲ್ಲ, ಹಾಡಿದ್ದೇ ಸಾಕು ಅನ್ನುತ್ತಾನೆ ಎಂದು ಎರಡು ವರ್ಷ ನಂಬಿಕೊಂಡು ಬದುಕಿದ್ದೆ. ಕಾಫಿ ಲೋಟ ಕೆಳಗಿಟ್ಟೆ. ಅವನು ಅವ್ವನ ಮಂಡಿನೋವು ಹೇಗಿದೆ ಎಂದು ಕೇಳಿದ. ಈಗ ಪರವಾಗಿಲ್ಲ, ನೀರು ಹೊರುತ್ತಾಳೆ ಎಂದೆ. ಮಧ್ಯಾಹ್ನದ ಬಸ್ಸಿಗೆ ಅವನೇ ಬಂದು ಹತ್ತಿಸಿ ಹೋದ.