ಥಂಗ್ಕಿಮನ ಗಂಟಲೂ ಘಟಸರ್ಪವೂ

ಐಜ್ವಾಲಿನಲ್ಲಿ ಥಂಗ್ಕಿಮನ ಮುಖಕ್ಕಿಂತ ಅವನ ಗಂಟಲಿಗೇ ಪರಿಚಯಸ್ಥರು ಹೆಚ್ಚು. ಕಸುಬು ಹೊಲಿಗೆ ಯಂತ್ರ ರಿಪೇರಿ. ಮಧ್ಯಾಹ್ನದ ಚಹಾ ಮುಗಿಸಿ, ಅಂಗಡಿ ಬಾಗಿಲೆಳೆದು, ತೊಂಬತ್ತು ಮೆಟ್ಟಿಲು ಹತ್ತಿ ಕೇಬಲ್ ಟಿವಿಯವರ ಡಬ್ಬಿಂಗ್ ಕೋಣೆ ಸೇರುತ್ತಿದ್ದ. ಗೋಡೆಗೆಲ್ಲ ಹಳೆ ಕಂಬಳಿ ಬಡಿದ ಆ ಗೂಡಿನಲ್ಲಿ ಕೊರಿಯಾದವರು, ಅಮೆರಿಕದವರು, ಎಲ್ಲರೂ ಮಿಜೋ ಭಾಷೆ ಕಲಿಯುತ್ತಿದ್ದರು. ಗಂಡು ದನಿ ಇದ್ದದ್ದು ಎರಡೇ. ಪ್ರೀತಿ ಮಾಡುವವರೆಲ್ಲ ತೆಳು ದನಿಯ ಮಾವಿಯಾನ ಪಾಲಿಗೆ, ಮೋಸ ಮಾಡುವವರೆಲ್ಲ ಥಂಗ್ಕಿಮನ ಪಾಲಿಗೆ. ಸೊಪ್ಪು ಮಾರುವವಳಂತೂ ಅವನ ದನಿ ಕೇಳಿದ ಕೂಡಲೇ ತಲೆ ಎತ್ತದೆ, ಮರ್ಯಾದೆಯ 'ಪು' ಮಾತ್ರ ಬಿಡದೆ, ಹೇಳುತ್ತಿದ್ದಳು: "ಮೊನ್ನೆ ಆ ತಬ್ಬಲಿ ಹುಡುಗಿ ಮನೆ ಬರೆಸ್ಕೊಂಡವ್ರು ನೀವೇ ಅಲ್ವಾ, ಪು ಕಿಮ? ನಿಮ್ಗೆ ಹುಳ ತಿಂದ ಸಾಸಿವೆ ಸೊಪ್ಪೇ ಸರಿ."

ಭಾನುವಾರ ಗಂಟಲಿಗೆ ರಜೆ, ಕೈಗೆ ಕೆಲಸ. ಬೀದಿಯ ಚರ್ಚಿನ ಡೋಲು ಅವನದು. ಅವನಿಗೂ ಮುಂಚೆ ಅವನಪ್ಪನದು. ಹಾಡು ತೂಕಡಿಸತೊಡಗಿದರೆ ಅವನ ಎರಡೇ ಏಟು ಅದನ್ನು ಎಬ್ಬಿಸಿ ಕೂರಿಸುತ್ತಿತ್ತು. ಕುಣಿಯಲು ಎದ್ದ ಮುದುಕಿಯರು ಮೊಣಕಾಲು ನೋವು ಮರೆಯುತ್ತಿದ್ದರು. ವಾರವಿಡೀ ಸಿಡುಕುವ ಗಂಡ ಭಾನುವಾರ ಸಂಜೆ ಮಾತ್ರ ಮನುಷ್ಯನಾಗಿ ಮನೆಗೆ ಬರುತ್ತಾನೆ, ಅವನ ಸಿಟ್ಟನ್ನು ಡೋಲೇ ಕುಡಿದುಬಿಡುತ್ತದೆ ಎನ್ನುವುದು ಹೆಂಡತಿ ರೋಚಿಂಗಿಯ ಲೆಕ್ಕ.

ಹೀಗಿರುವಾಗ ಒಂದು ಸಿನಿಮಾ ಬಂತು. ರೆಕ್ಕೆಯಿರುವ, ಬೆಂಕಿ ಉಗುಳುವ ದೊಡ್ಡ ಪ್ರಾಣಿ; ಅದಕ್ಕೊಬ್ಬಳು ಪುಟ್ಟ ಹುಡುಗಿ ಗೆಳತಿ. ಪ್ರಾಣಿಯ ದನಿಯೂ ಥಂಗ್ಕಿಮನದೇ, ಅದನ್ನು ಕೊಲ್ಲಲು ಹೊಂಚುವ ರಾಜನ ದನಿಯೂ ಅವನದೇ. ಮಿಜೋ ಮಾತು ಬರೆಯುವವಳು ಪಿ ಮಾವಿ, ಅಂದರೆ ಮಾವಿಯಮ್ಮ, ಸಂಡೇ ಸ್ಕೂಲಿನ ಟೀಚರು. ಇಂಥ ಪ್ರಾಣಿಗೆ ಅವಳಿಗೆ ಗೊತ್ತಿದ್ದದ್ದು ಒಂದೇ ಹೆಸರು, ಬೈಬಲ್ಲಿನ ಹೆಸರು. ಅದನ್ನೇ ಬರೆದಳು. ಶುಕ್ರವಾರ ಮೊದಲರ್ಧ ಪ್ರಸಾರವಾದಾಗ ಊರಿನ ಮನೆಮನೆಯಲ್ಲೂ ಆ ಹುಡುಗಿ ಪ್ರಾಣಿಯ ಕೊರಳು ತಬ್ಬಿ "ನನ್ನ ಮುದ್ದಿನ ಘಟಸರ್ಪ" ಎಂದಳು.

ಭಾನುವಾರ ಪಿ ಮಾವಿ ಮಕ್ಕಳಿಗೆ ಬೈಬಲ್ಲಿನ ಕೊನೆಯ ಪುಸ್ತಕ ಪ್ರಕಟನೆಯ ಪಾಠ ಹೇಳುತ್ತಿದ್ದಳು. ದೇವದೂತ ಮಿಕಾಯೇಲನು ಘಟಸರ್ಪವನ್ನು ಆಕಾಶದಿಂದ ಕೆಳಕ್ಕೆ ದೊಬ್ಬಿದ ಎನ್ನುವಷ್ಟರಲ್ಲಿ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಗೊಳೋ ಎಂದಳು. ಪಾಪ, ಅದಕ್ಕೆ ಪೆಟ್ಟಾಯಿತೇ ಎಂದು ಕೇಳಿದಳು. ಅವಳ ಹಿಂದೆ ಇನ್ನೂ ಏಳು ಮಕ್ಕಳು ಅತ್ತವು. ಹುಡುಗಿ ಬೇರೆ ಯಾರೂ ಅಲ್ಲ, ಚರ್ಚಿನ ಸಭೆಯ ಹಿರಿಯ ಉಪಾ ಝಖೂಮರ ಮೊಮ್ಮಗಳು.

ಉಪಾ ಒಳ್ಳೆಯವರೇ, ಆದರೆ ಹಿಡಿದದ್ದನ್ನು ಬಿಡುವ ಜಾತಿಯಲ್ಲ. ಆವತ್ತೇ ಥಂಗ್ಕಿಮನನ್ನು ಡೋಲಿನ ಪಕ್ಕದಿಂದ ಏಳಿಸಿದರು. ಘಟಸರ್ಪವೆಂದರೆ ಸೈತಾನ, ಅದರಲ್ಲಿ ಎರಡು ಮಾತಿಲ್ಲ. ಸೈತಾನನಿಗೆ ಜೇನಿನಂಥ ದನಿ ಕೊಟ್ಟು ಮಕ್ಕಳ ಎದೆಗೆ ಇಳಿಸಿದವನು ಅದೇ ಕೈಯಲ್ಲಿ ದೇವರ ಹಾಡಿಗೆ ಬಾರಿಸುವುದು ಹೇಗೆ ಎಂದರು. ಸಭೆ ತೀರ್ಮಾನಿಸುವ ತನಕ ಡೋಲು ಮುಟ್ಟಕೂಡದು.

ಥಂಗ್ಕಿಮನ ಕಿವಿ ಕೆಂಪಾಯಿತು. ಮನೆಗೆ ಬಂದು ಬೈಬಲ್ಲನ್ನು ಮೇಜಿನ ಮೇಲೆ ಕುಕ್ಕಿದ. ಬೈಬಲ್ಲನ್ನು ಕುಕ್ಕಿದ್ದಕ್ಕೆ ಹೆಂಡತಿಯಿಂದ ಬೈಸಿಕೊಂಡ. ಆಮೇಲೆ ಮೂರು ದಿನ ಅಂಗಡಿಯಲ್ಲಿ ಸೂಜಿ ಮುರಿದವರಿಗೂ ಬಾಬಿನ್ ಸಿಕ್ಕಿಕೊಂಡವರಿಗೂ ಒಂದೇ ಉಪದೇಶ. ಸೈತಾನನನ್ನು ಸಿಂಹಕ್ಕೆ ಹೋಲಿಸಿದ ಪುಸ್ತಕವೇ ಯೇಸುವನ್ನೂ ಸಿಂಹ ಎಂದಿಲ್ಲವೇ? ಮರುಭೂಮಿಯಲ್ಲಿ ಜನರನ್ನು ಕಚ್ಚಿ ಕೊಂದದ್ದೂ ಸರ್ಪ, ಮೋಶೆ ಕಂಚಿನಲ್ಲಿ ಮಾಡಿ ಕಂಬಕ್ಕೇರಿಸಿದಾಗ ಅವರನ್ನು ಬದುಕಿಸಿದ್ದೂ ಸರ್ಪ. ಕೀರ್ತನೆಯಲ್ಲಿ ಬರುವ ಸಮುದ್ರದ ದೊಡ್ಡ ಪ್ರಾಣಿಯನ್ನು ನೀರಿನಲ್ಲಿ ಆಡಿಕೊಂಡಿರಲಿ ಎಂದು ದೇವರೇ ಮಾಡಲಿಲ್ಲವೇ? ಗಿರಾಕಿಗಳು ಹೂಂಗುಟ್ಟಿ ಯಂತ್ರ ಎತ್ತಿಕೊಂಡು ಹೋದರು. ಡೋಲು ಮಾತ್ರ ಮರಳಿ ಕೈಗೆ ಬರಲಿಲ್ಲ.

ಇನ್ನರ್ಧ ಸಿನಿಮಾ ಬಾಕಿ ಇತ್ತು. ಹೆಸರಿನಿಂದಲೇ ರಗಳೆಯಾದದ್ದು, ಬೇರೆ ಹೆಸರು ನೀವೇ ಆರಿಸಿಕೊಡಿ ಎಂದು ಪಿ ಮಾವಿ ಗುರುವಾರ ಉಪಾರನ್ನು ಡಬ್ಬಿಂಗ್ ಕೋಣೆಗೆ ಕರೆತಂದಳು. ಉಪಾ ಕೋಟು ಹಾಕಿಕೊಂಡೇ ಬಂದರು. ಥಂಗ್ಕಿಮ ಕುರ್ಚಿ ಕೊಟ್ಟು ಮೈಕಿನ ಕಡೆ ತಿರುಗಿದ.

ಸಿನಿಮಾ ಓಡಿತು. ಬಿಳಿ ಉಡುಪಿನ ರಾಜ ಹುಡುಗಿಯ ತಲೆ ಸವರಿ, ಥಂಗ್ಕಿಮನ ದನಿಯಲ್ಲಿ, ನಿನ್ನ ಗೆಳೆಯ ಅಡಗಿರುವ ಗವಿ ಎಲ್ಲಿ ಹೇಳು ಮಗಳೇ, ಕಾವಲಿಡುತ್ತೇನೆ ಎಂದ. ಹುಡುಗಿ ಅನುಮಾನಿಸಿದಳು. ಉಪಾ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಹೇಳ್ಬಿಡು ಮಗು," ಎಂದರು. "ಪಾಪ, ದೊಡ್ಡ ಮನುಷ್ಯ ಅಷ್ಟು ಕೇಳ್ತಿದ್ದಾನೆ."

ಹುಡುಗಿ ಹೇಳಿದಳು. ಮರುಗಳಿಗೆಗೆ ಗವಿಯ ಬಾಯಿಗೆ ಈಟಿ ಹಿಡಿದವರು ಮುತ್ತಿದರು. ಉಪಾ ಹಿಂದಕ್ಕೆ ಒರಗಿದರು.

ಪಿ ಮಾವಿ ಯಂತ್ರ ನಿಲ್ಲಿಸಿದಳು. ಮೂರು ದಿನದಿಂದ ಗಿರಾಕಿಗಳ ಮೇಲೆ ಸುರಿದ ಉಪದೇಶವೆಲ್ಲ ಥಂಗ್ಕಿಮನ ನಾಲಿಗೆ ತುದಿಗೆ ಬಂದಿತ್ತು, ಹೊರಬಿದ್ದದ್ದು ಇಷ್ಟೇ.

"ಉಪಾ, ಲೋಕಾನೇ ಮರುಳು ಮಾಡೋದು ಘಟಸರ್ಪದ ಕೆಲ್ಸ ಅಂತ ನೀವೇ ಕಲ್ಸಿದ್ದು. ಈಗ ನಿಮ್ಮನ್ನ ಮರುಳು ಮಾಡಿದ್ಯಾರು? ರೆಕ್ಕೆ ಇರೋದಾ, ಬಿಳಿ ಅಂಗಿಯವ್ನಾ?"

ಉಪಾ ಕನ್ನಡಕ ತೆಗೆದು ಕೋಟಿನ ಅಂಚಿನಿಂದ ಒರೆಸಿದರು. "ಇಪ್ಪತ್ತು ವರ್ಷದಿಂದ ಇಂಥ ಮೋಸಗಾರ್ರಿಗೆಲ್ಲ ದನಿ ಕೊಟ್ಟಿದ್ದೀಯ," ಎಂದರು. "ಆಗೆಲ್ಲ ನಾನು ಕಡ್ಲೆಕಾಯಿ ತಿಂತಾ ನೋಡ್ಕೊಂಡು ಕೂತಿದ್ದೆ."

ಪೆನ್ಸಿಲ್ ಕೇಳಿದರು. ಪಿ ಮಾವಿ ಬರೆದ ಹಾಳೆಗಳಲ್ಲಿ ಪ್ರಾಣಿಯ ಹೆಸರಿದ್ದ ಕಡೆಯೆಲ್ಲ ಘಟಸರ್ಪ ಹೊಡೆದು 'ರೆಕ್ಕೆಹಾವು' ಎಂದು ಬರೆದರು. ಕೊನೆಯಲ್ಲಿ ಹಳ್ಳಿಯ ಮುದುಕನೊಬ್ಬ ರಾಜನನ್ನು ಕಳ್ಳ ಎಂದು ಬೈಯುವ ಜಾಗವಿತ್ತು. ಅಲ್ಲಿ ಕಳ್ಳ ಹೊಡೆದು ಘಟಸರ್ಪ ಬರೆದರು. ಹೆಸರು ಹೋಗಬೇಕಾದವನ ಮನೆಗೇ ಹೋಯಿತು.

ಆದರೆ ಬೈಯುವುದು ಯಾರು? ಇನ್ನೊಂದು ಗಂಡು ದನಿಯ ಮಾವಿಯಾ ಅಂದು ಯಾವುದೋ ಮದುವೆ ಮನೆಗೆ ಹೋಗಿದ್ದ. ರಾಜನಾಗಿ ಅಬ್ಬರಿಸುತ್ತಿದ್ದ ಥಂಗ್ಕಿಮ ಅದೇ ಉಸಿರಿನಲ್ಲಿ ತನಗೇ ಬೈದುಕೊಳ್ಳುವಂತಿರಲಿಲ್ಲ. ಪಿ ಮಾವಿ ಉಪಾರ ಮುಖ ನೋಡಿದಳು. ಮೊದಲ ಸಲ ಅವರು ಪ್ರಸಂಗ ಮಾಡುವವರಂತೆ ಎಳೆದರು. ಎರಡನೆಯ ಸಲ ಕೆಮ್ಮಿದರು.

"ಉಪಾ, ನನ್ನನ್ನ ಡೋಲಿಂದ ಏಳ್ಸಿದ್ರಲ್ಲ, ಆ ದನಿ ತೆಗೀರಿ," ಎಂದ ಥಂಗ್ಕಿಮ.

ಮೂರನೆಯ ಸಲಕ್ಕೆ ಗೋಡೆಯ ಕಂಬಳಿಯ ಧೂಳು ಉದುರಿತು.

ಶುಕ್ರವಾರ ಉಳಿದರ್ಧವೂ ಪ್ರಸಾರವಾಯಿತು. ಭಾನುವಾರ ಥಂಗ್ಕಿಮ ಡೋಲಿನ ಕಡೆ ಹೋಗದೆ ಕಡೇ ಬೆಂಚಿನಲ್ಲಿ ಕೂತ. ಕರೆಯದೆ ಹೋಗುವ ಗಂಡಸಲ್ಲ ಅವನು. ಪ್ರಾರ್ಥನೆಗೆ ಉಪಾ ಎದ್ದು ಬಾಯಿ ತೆರೆದರೋ ಇಲ್ಲವೋ, ಮೊಮ್ಮಗಳು ಇಡೀ ಸಭೆಗೆ ಕೇಳುವಂತೆ ತಾಯಿಗೆ ಹೇಳಿದಳು: "ಅಮ್ಮಾ, ರಾಜನಿಗೆ ಬೈದೋರು ತಾತ."

ಬೆಂಚುಗಳು ಅಲುಗಿದವು. ಮುದುಕಿಯರು ಬಾಯಿಗೆ ಸೆರಗಿನಂತೆ ಶಾಲು ಅಡ್ಡ ಹಿಡಿದರು. ಉಪಾ ಪ್ರಾರ್ಥನೆಯನ್ನು ಅರ್ಧಕ್ಕೇ ಆಮೆನ್ ಮಾಡಿ, ಕಡೇ ಬೆಂಚಿನತ್ತ ನೋಡಿದರು.

"ಕಿಮ, ಎಷ್ಟು ಹೊತ್ತು ಕೂರ್ತೀಯ? ಹಾಡು ಕಾಯ್ತಿದೆ."

ಥಂಗ್ಕಿಮ ಅವಸರ ತೋರಿಸದೆ ಎದ್ದು ಹೋದ. ಮೊದಲ ಏಟು ಮಾತ್ರ ಸ್ವಲ್ಪ ಜೋರಾಗಿಯೇ ಬಿತ್ತು.