ಹೇಳಿದ್ದು ಹೇಳಿದ ಹಾಗೆ

ನನ್ನ ಕೆಲಸ ಏನು ಎಂದು ಯಾರಾದರೂ ಕೇಳಿದರೆ, ನಾನು ಹೇಳಿ ಮುಗಿಸುವಷ್ಟರಲ್ಲಿ ಅವರಿಗೆ ಬೇಸರ ಬಂದಿರುತ್ತದೆ. ದೂರದ ದೇಶದ ಡಾಕ್ಟರು ಅಲ್ಲಿನ ರೋಗಿಯ ಜೊತೆ ಮಾತಾಡುವುದನ್ನು ನಾನು ಬೆಂಗಳೂರಿನ ಬಿಟಿಎಂ ಲೇಔಟಿನ ಒಂದು ಆಫೀಸಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತೇನೆ. ಕೇಳಿದ್ದನ್ನು ಆಗಿಂದಾಗಲೇ ಇಂಗ್ಲಿಷಿನಲ್ಲಿ ರೋಗಿಯ ಫೈಲಿಗೆ ಟೈಪು ಮಾಡುತ್ತೇನೆ. ಅವರಿಗೆ ಹಗಲಾದಾಗ ನಮಗೆ ರಾತ್ರಿ. ಸಂಜೆ ಹೋದವಳು ಹಾಲಿನವನ ಹಿಂದೆಯೇ ಮನೆಗೆ ಬರುತ್ತೇನೆ. ಮನೆ ಎಂದರೆ ಎರಡನೇ ಮಹಡಿಯ ಬಾಡಿಗೆ ಮನೆ. ಆಗ ಅಲ್ಲಿ ನಾನು, ನನ್ನ ತಮ್ಮ ಮತ್ತು ಅಪ್ಪ ಇದ್ದೆವು. ಅವ್ವ ತೀರಿಕೊಂಡ ಮೇಲೆ ಅಪ್ಪ ಉತ್ತರ ಕರ್ನಾಟಕದ ನಮ್ಮೂರಿನ ಅರಿವೆ ಅಂಗಡಿಯನ್ನು ಮಾರಿ ನಮ್ಮ ಜೊತೆಗೇ ಇರಲು ಬಂದಿದ್ದ.

ಕೆಲಸಕ್ಕೆ ಸೇರಿದಾಗ ನಮಗೆ ಮೊದಲು ಕಲಿಸಿದ್ದು ರೋಗಗಳ ಹೆಸರನ್ನಲ್ಲ, ಇನ್ವರ್ಟೆಡ್ ಕಾಮಾ ಹಾಕುವುದನ್ನು. ಶಾಲೆಯಲ್ಲಿ ಒಂದು ಅಂಕದ ಪ್ರಶ್ನೆಗೆ ಓದಿ ಮರೆತಿದ್ದ ಚಿಹ್ನೆ ಅದು. ತರಬೇತಿ ಕೊಟ್ಟ ಮೇಡಂ ಖಡಕ್ ಹೆಂಗಸು. “ಪೇಷಂಟ್ ಬಾಯಿಂದ ಬಂದಿದ್ದು ಬಂದ ಹಾಗೇ ಇದ್ರೆ ಮಾತ್ರ ಕೋಟ್ಸ್ ಹಾಕಿ. ನಿಮ್ಮದು ಒಂದು ಪದ ಸೇರಿದ್ರೂ ಕೋಟ್ಸ್ ತೆಗೀರಿ,” ಎನ್ನುತ್ತಿದ್ದರು. ರೋಗಿಯ ವ್ಯಾಕರಣ ತಪ್ಪಿದ್ದರೆ ತಿದ್ದುವ ಹಾಗಿಲ್ಲ. ಎದೆ ಮೇಲೆ ಯಾರೋ ನಿಂತ ಹಾಗಿದೆ ಎಂದು ಅವನು ಹೇಳಿದರೆ, ತೀವ್ರ ಎದೆನೋವು ಎಂದು ನಾವು ಜಾಣತನ ತೋರಿಸಬಾರದು. ಅವನು ತನ್ನ ಹೆಂಡತಿ ಹೇಳಿದ್ದನ್ನು ಹೇಳಿದರೆ ಜೋಡಿ ಕಾಮಾಗಳ ಒಳಗೆ ಒಂಟಿ ಕಾಮಾ ಬರಬೇಕು. ವಾಕ್ಯದ ಕೊನೆಯ ಚುಕ್ಕಿ ಒಳಗೇ ಇರಬೇಕು, ಹೊರಗೆ ಬಿದ್ದರೆ ಅದು ತಪ್ಪು.

ಮೊದಲ ವಾರದಲ್ಲೇ ಬೈಸಿಕೊಂಡೆ. ಒಬ್ಬ ಅಜ್ಜಿಗೆ ಬಹಳ ನೋವಿತ್ತು. ಅದು ಡಾಕ್ಟರ ಕಣ್ಣಿಗೆ ಎದ್ದು ಕಾಣಲಿ ಎಂದು ನಾನು ನೋವು ಎಂಬ ಪದದ ಆಚೆ ಈಚೆ ಇನ್ವರ್ಟೆಡ್ ಕಾಮಾ ಹಾಕಿದ್ದೆ. ಮೇಡಂ ನನ್ನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. “ಈಗ ಆ ಅಜ್ಜೀನ ನೀವು ಸುಳ್ಳಿ ಮಾಡಿದ್ರಿ. ನೋವು ಅಂತ ಅವ್ರು ಹೇಳ್ಕೊತಾರೆ, ನಂಗೇನೂ ನಂಬ್ಕೆ ಇಲ್ಲ, ಅನ್ನೋ ಥರ ಆಯ್ತು ನೋಡಿ,” ಎಂದರು. ಅಂದಿನಿಂದ ನನಗೆ ಬೋರ್ಡುಗಳನ್ನು ನೋಡಿದರೆ ಮೈ ಉರಿಯುತ್ತದೆ. ಮಡಿವಾಳ ಮಾರ್ಕೆಟ್ಟಿನಲ್ಲಿ ಮೀನಿನ ಅಂಗಡಿಯವನು ಫ್ರೆಶ್ ಎಂಬ ಪದಕ್ಕೆ ಕಾಮಾ ಹಾಕಿಸಿದ್ದಾನೆ. ನಮ್ಮ ಬೀದಿಯ ಲೇಡೀಸ್ ಪಿಜಿಯವರು ಮನೆ ಊಟಕ್ಕೇ ಹಾಕಿಸಿದ್ದಾರೆ. ಅವರ ಊಟ ಉಂಡವರು ಅದು ಸರಿಯಾಗಿಯೇ ಇದೆ ಎನ್ನಬಹುದು.

ಇದನ್ನೆಲ್ಲ ಅಪ್ಪನಿಗೆ ವಿವರಿಸಿದಾಗ ಅವನು ನಕ್ಕುಬಿಟ್ಟ. “ಇದನ್ನ ಕಲಿಸಾಕ ನಿಮಗ ಪಗಾರ ಕೊಟ್ಟು ಕುಂದ್ರಿಸ್ಯಾರ? ನಾ ನಿನಗ ಪುಕ್ಕಟ ಕಲಿಸಿದ್ನಲ್ಲ,” ಎಂದ.

ನಿಜವೇ. ಅಪ್ಪನ ಅಂಗಡಿಯಲ್ಲಿ ಫೋನಿರಲಿಲ್ಲ. ಗಿರಾಕಿಗಳ ಮನೆಗೆ, ನೇಕಾರರ ಮನೆಗೆ ಮಾತು ಮುಟ್ಟಿಸಲು ಶಾಲೆಯಿಂದ ಬಂದ ನನ್ನನ್ನೋ ತಮ್ಮನನ್ನೋ ಓಡಿಸುತ್ತಿದ್ದ. ಹೊರಡುವ ಮುಂಚೆ ಅಂಗಡಿಯ ಮೆಟ್ಟಿಲ ಮೇಲೆ ನಿಲ್ಲಿಸಿ, ತಾನು ಹೇಳಿದ್ದನ್ನು ನಮ್ಮ ಬಾಯಿಂದ ಇನ್ನೊಮ್ಮೆ ಹೇಳಿಸುತ್ತಿದ್ದ. “ನಾ ಹೆಂಗ ಹೇಳೀನಿ ಹಂಗ ಹೇಳು. ನಿಂದು ಸೇರಸಬ್ಯಾಡ,” ಎನ್ನುತ್ತಿದ್ದ. ಬಂದ ಮೇಲೆ ಅವರು ಅಂದದ್ದನ್ನೂ ಅವರಂತೆಯೇ ಹೇಳಬೇಕು. ಅವರು ಸಿಟ್ಟಿನಲ್ಲಿ ಅಂದಿದ್ದರೆ ಸಿಟ್ಟಿನಲ್ಲಿಯೇ ಹೇಳಬೇಕು. ತಮ್ಮ ಇದರಲ್ಲಿ ನನಗಿಂತ ಪಕ್ಕಾ ಇದ್ದ. ಮೂಗಿನಲ್ಲಿ ಮಾತಾಡುವ ನೇಕಾರಜ್ಜನ ಮಾತನ್ನು ಅವನು ತಂದು ಒಪ್ಪಿಸಿದರೆ ಅಂಗಡಿಯಲ್ಲಿ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅಪ್ಪನಿಗೆ ಅನ್ನನಾಳದ ಕ್ಯಾನ್ಸರ್ ಎಂದು ಗೊತ್ತಾದಾಗ ಅದು ಆಗಲೇ ಬಲಿತಿತ್ತು. ಮೊದಲು ರೊಟ್ಟಿ ಇಳಿಯದಾಯಿತು, ಆಮೇಲೆ ಅನ್ನ, ಆಮೇಲೆ ಗಂಜಿ. ದನಿಯೂ ಸವೆಯಿತು. ಜಯನಗರದ ಆಸ್ಪತ್ರೆಗೆ ಬೆಳಿಗ್ಗೆ ಹೋಗಬೇಕಾಗುತ್ತಿತ್ತು. ಆ ಹೊತ್ತಿಗೆ ನಾನು ರಾತ್ರಿಯ ಕೆಲಸ ಮುಗಿಸಿ ಬಂದು ಹೆಣದಂತೆ ಬಿದ್ದಿರುತ್ತಿದ್ದೆ. ತಮ್ಮ ತನ್ನ ಆಫೀಸಿಗೆ ತಡವಾಗಿ ಹೋಗಲು ಅನುಮತಿ ಪಡೆದು, ಅಪ್ಪನನ್ನು ಆಟೋದಲ್ಲಿ ಕರೆದೊಯ್ಯುತ್ತಿದ್ದ. ಕೀಮೋ ಔಷಧ ಹಾಕಿಸಿಕೊಂಡು ಬಂದ ದಿನ ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಹೆಂಗಾತಪ್ಪಾ ಎಂದು ಕೇಳಿದರೆ, “ಆತವ್ವಾ,” ಎನ್ನುತ್ತಿದ್ದ. ಅಷ್ಟಕ್ಕೇ ನಾನು ಸಮಾಧಾನ ಮಾಡಿಕೊಂಡು ಕೆಲಸಕ್ಕೆ ಹೊರಡುತ್ತಿದ್ದೆ.

ಒಂದು ಸಲ ಡಾಕ್ಟರು ಮಕ್ಕಳಿಬ್ಬರೂ ಬನ್ನಿ ಎಂದರು. ಇನ್ನೊಂದು ಸುತ್ತು ಔಷಧ ಹಾಕಬೇಕೇ, ಊಟ ಕೊಡಲು ಹೊಟ್ಟೆಗೆ ನಳಿಕೆ ಕೂಡಿಸಬೇಕೇ ಎಂಬುದನ್ನು ಅಂದು ತೀರ್ಮಾನಿಸಬೇಕಿತ್ತು. ಡಾಕ್ಟರು ಒಳ್ಳೆಯವರೇ, ಆದರೆ ಬೇರೆ ರಾಜ್ಯದವರು. ಅವರ ಕನ್ನಡ ನೋವಿದೆಯಾ, ಊಟ ಆಯ್ತಾ ಎಂಬಲ್ಲಿಗೆ ಮುಗಿಯುತ್ತಿತ್ತು. ಗಂಟಲು ಸವೆದ ಅಪ್ಪನ ನಮ್ಮೂರ ಮಾತು ಅವರಿಗೆ ಎಲ್ಲಿಂದ ತಿಳಿಯಬೇಕು? ಆದ್ದರಿಂದ ತಮ್ಮನೇ ಇಬ್ಬರ ನಡುವೆ ಮಾತು ಸಾಗಿಸುತ್ತಿದ್ದ.

ಡಾಕ್ಟರು ಇಂಗ್ಲಿಷಿನಲ್ಲಿ, ಔಷಧ ಹಾಕಿದರೆ ಸ್ವಲ್ಪ ಸಮಯ ಸಿಗಬಹುದು, ಗ್ಯಾರಂಟಿ ಇಲ್ಲ, ತೊಂದರೆಯೂ ಇದೆ ಎಂದರು. ಅಪ್ಪನ ಕಡೆ ತಿರುಗಿದ ತಮ್ಮ, “ಇನ್ನೊಂದ್ ಸಲ ಔಷಧ ಹಾಕತಾರಂತಪ್ಪಾ. ಆಮ್ಯಾಲೆ ಆರಾಮ ಆಕ್ಕೈತಿ,” ಎಂದ.

ಗಾಲಿಕುರ್ಚಿಯಲ್ಲಿದ್ದ ಅಪ್ಪ ನಿಧಾನಕ್ಕೆ, ಒಂದೊಂದೇ ಪದ ಎತ್ತಿಕೊಂಡು ಹೇಳಿದ. “ಸಾಕೋ ತಮ್ಮಾ. ಇನ್ನ ಬ್ಯಾಡ. ಮನೀಗೆ ಕರಕೊಂಡು ನಡಿ.”

ತಮ್ಮ ಡಾಕ್ಟರ ಕಡೆ ತಿರುಗಿದ. ಸ್ಪಷ್ಟವಾದ ಇಂಗ್ಲಿಷಿನಲ್ಲಿ, ಅಪ್ಪನಿಗೆ ಸ್ವಲ್ಪ ಸುಸ್ತು, ಯಾವಾಗ ಶುರು ಮಾಡುತ್ತೀರಿ ಎಂದು ಕೇಳುತ್ತಿದ್ದಾರೆ ಎಂದ. ಡಾಕ್ಟರು ಮುಗುಳ್ನಕ್ಕು ಅಪ್ಪನ ಭುಜ ತಟ್ಟಿದರು.

ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಮಾತು ಮುಟ್ಟಿದೆಯೋ ಇಲ್ಲವೋ ಎಂಬುದು ಅವನಿಗೆ ಬೇಗ ತಿಳಿಯುತ್ತದೆ. ರೋಗಿಯೊಬ್ಬ ಸಾಕು ಎಂದರೆ ಡಾಕ್ಟರು ನಗುವುದಿಲ್ಲ. ಅಪ್ಪ ತಮ್ಮನನ್ನು ಬೈಯಲಿಲ್ಲ, ಅವನ ಕಡೆ ನೋಡಲೂ ಇಲ್ಲ. ನನ್ನ ಕಡೆ ತಿರುಗಿದ.

“ಯವ್ವಾ, ನೀ ಹೇಳು. ನಾ ಹೆಂಗ ಹೇಳೀನಿ ಹಂಗ ಹೇಳು.”

ಅಂಗಡಿಯ ಮೆಟ್ಟಿಲ ಮೇಲೆ ನಿಂತ ಹಾಗೆ ನಿಂತೆ. ಹೇಳಿದರೆ ಏನಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ರಾತ್ರಿಯೆಲ್ಲ ಅಂಥ ಮಾತನ್ನೇ ಟೈಪು ಮಾಡುವವಳು ನಾನು. ಹೇಳದಿದ್ದರೆ ಅಪ್ಪನಿಗೆ ಮಾತಾಡಲು ಈ ಊರಿನಲ್ಲಿ ಬೇರೆ ಬಾಯಿಯಿರಲಿಲ್ಲ. ಹೇಳಿದೆ. ಸಾಕು, ಇನ್ನು ಬೇಡ, ನನ್ನನ್ನು ಮನೆಗೆ ಕರೆದುಕೊಂಡು ಹೋಗು. ಇಂಗ್ಲಿಷಿನಲ್ಲಿ ಅದು ಕನ್ನಡಕ್ಕಿಂತಲೂ ಚಿಕ್ಕದಾಯಿತು.

ಡಾಕ್ಟರು ತಮ್ಮನನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಇದು ಮನೆಯವರ ಅಭಿಪ್ರಾಯವೋ ಎಂದು ಕೇಳಿದರು. ಅಲ್ಲ, ಇದು ಅವರ ಮಾತು, ದಯವಿಟ್ಟು ಅವರ ಮಾತಿನಲ್ಲೇ ಬರೆದುಕೊಳ್ಳಿ ಎಂದೆ. ಆಗ ಅವರು ಕುರ್ಚಿ ಬಿಟ್ಟೆದ್ದು ಬಂದು ಅಪ್ಪನ ಮುಂದೆ ಬಗ್ಗಿ, “ಅಪ್ಪಾಜಿ, ಟ್ರೀಟ್ಮೆಂಟ್ ಬೇಡ?” ಎಂದು ತಮಗೆ ಬರುವ ಕನ್ನಡದಲ್ಲೇ ಕೇಳಿದರು.

“ಬ್ಯಾಡ್ರೀ ಸಾಹೇಬ್ರ,” ಎಂದ ಅಪ್ಪ.

ಡಾಕ್ಟರು ಬರೆದುಕೊಂಡರು. ಇಂಥ ಹೊತ್ತಿನಲ್ಲೂ ನನ್ನ ಹಾಳು ಕಣ್ಣು ಫೈಲಿನ ಮೇಲೆ ಹೋಯಿತು. ಎರಡೂ ಕಡೆ ಕಾಮಾ ಸರಿಯಾಗಿ ಹಾಕಿದ್ದರು. ಚುಕ್ಕಿ ಒಳಗಿತ್ತು. ತಪ್ಪು ಹುಡುಕಲು ಏನಾದರೂ ಸಿಕ್ಕಿದ್ದರೆ ಆ ಒಂದು ಗಳಿಗೆಯಾದರೂ ಅಳು ತಡೆಯುತ್ತಿತ್ತೇನೋ. ಅಲ್ಲಿಯೇ, ಡಾಕ್ಟರ ಮೇಜಿನ ಅಂಚು ಹಿಡಿದುಕೊಂಡು ಅತ್ತೆ.

ತಮ್ಮ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟ. ಅಪ್ಪನನ್ನು ಎತ್ತಿ ಕೂರಿಸುವಾಗ, ನೋವಿನ ಔಷಧ ಕುಡಿಸುವಾಗ ನಮ್ಮ ನಾಲ್ಕು ಕೈಗಳೂ ಕೂಡಿಯೇ ಕೆಲಸ ಮಾಡುತ್ತಿದ್ದವು, ಬಾಯಿ ಮಾತ್ರ ಬಿಗಿದಿರುತ್ತಿತ್ತು. ಒಮ್ಮೆ ಮಾತ್ರ ಅಡುಗೆಮನೆಯಲ್ಲಿ ಗಂಜಿ ಕಾಸುತ್ತಿದ್ದ ನನ್ನ ಬೆನ್ನಿಗೆ, “ಅಪ್ಪನ್ನ ನೀನ ಕಳಸಾಕತ್ತಿ,” ಎಂದು ಹೇಳಿ ಹೋದ. ಒಲೆ ಆರಿಸಿ ಗಂಜಿಯನ್ನು ಬಟ್ಟಲಿಗೆ ಬಗ್ಗಿಸಿದೆ. ಅವನು ಹೇಳುವುದು ನಿಜವಿದ್ದರೆ ಎಂಬ ಹೆದರಿಕೆ ನನ್ನನ್ನು ಈಗಲೂ ಬಿಟ್ಟಿಲ್ಲ.

ಅಪ್ಪ ಐದಾರು ವಾರ ಮನೆಯಲ್ಲಿದ್ದ. ಮಂಚವನ್ನು ಕಿಟಕಿಗೆ ತಾಗಿಸಿ ಹಾಕಿದ್ದೆವು. ಕೆಳಗೆ ತಳ್ಳುಗಾಡಿಯ ಸೊಪ್ಪಿನಾಕೆ ಕೂಗಿದರೆ, ಆ ಕೂಗನ್ನೇ ಗಾಳಿಯಂಥ ದನಿಯಲ್ಲಿ ಆಡಿ ತೋರಿಸುತ್ತಿದ್ದ. ಬಿಪಿ ನೋಡಲು ಬರುತ್ತಿದ್ದ ನರ್ಸಮ್ಮನ, “ಅಂಕಲ್, ಸ್ವಲ್ಪ ಕೈ ಕೊಡಿ,” ಎಂಬ ಬೆಂಗಳೂರು ಮಾತನ್ನು ಅವಳ ಮುಂದೆಯೇ ಅಂದು ಅವಳನ್ನು ನಗಿಸುತ್ತಿದ್ದ. ಆಮೇಲೆ ಅದೂ ನಿಂತಿತು. ಒಂದು ಮಧ್ಯಾಹ್ನ, ನಾವಿಬ್ಬರೂ ಎದುರಿಗಿದ್ದಾಗ, ಅಪ್ಪ ಹೋದ. ನಮ್ಮವರ ಪದ್ಧತಿಯಂತೆ ಕೂರಿಸಿ, ವಿಭೂತಿ ಹಚ್ಚಿ, ಮಣ್ಣು ಮಾಡಿದೆವು.

ಕಾರ್ಯವೆಲ್ಲ ಮುಗಿದ ಮೇಲೆ ಬಾಡಿಗೆಗೆ ತಂದ ಗಾಲಿಕುರ್ಚಿಯನ್ನು ಹಿಂದಿರುಗಿಸುವುದು ಉಳಿದಿತ್ತು. ಭಾನುವಾರ ಇಬ್ಬರೂ ಅದನ್ನು ಮಡಚಿ ಆಟೋಗೆ ಹಾಕಿಕೊಂಡು ಜಯನಗರ ನಾಲ್ಕನೇ ಬ್ಲಾಕಿಗೆ ಹೋದೆವು. ಬಾಡಿಗೆಗೆ ಕೊಟ್ಟಿದ್ದ ಅಂಗಡಿಯವರು ಚಕ್ರ ತಿರುಗಿಸಿ ನೋಡಿ, “ಅಂಕಲ್ ಹುಷಾರಾದ್ರಾ ಸಾರ್?” ಎಂದು ತಮ್ಮನನ್ನು ಕೇಳಿದರು. ತಮ್ಮ ಬಾಯಿ ತೆರೆದ. ಮಾತು ಬರಲಿಲ್ಲ. “ಇಲ್ಲಣ್ಣಾ, ತೀರಿಕೊಂಡ್ರು,” ಎಂದು ನಾನೇ ಹೇಳಿದೆ.

ಹೊರಗೆ ಬಂದು ಶಾಪಿಂಗ್ ಕಾಂಪ್ಲೆಕ್ಸಿನ ಪಕ್ಕದ ಕಲ್ಲುಕಟ್ಟೆಯ ಮೇಲೆ ಕೂತೆವು. ಮುಂದೆ ಹೂವಿನವರು, ಬಳೆಯವರು, ಚೌಕಾಶಿ ಮಾಡುವ ಹೆಂಗಸರು, ಎಲ್ಲ ಎಂದಿನಂತೆಯೇ ಇತ್ತು. ತಮ್ಮ ತಾನಾಗಿಯೇ ಮಾತಾಡಿದ.

“ನೋಡಿದಿಲ್ಲಕ್ಕಾ. ನನಗ ಹೇಳಾಕ ಬರೂದಿಲ್ಲ. ಅವತ್ತ ಸೈತ ಹಂಗ ಆಗಿತ್ತು. ಸಾಕು ಅಂತ ಅಪ್ಪ ಅಂದಿದ್ದು ಖರೆ. ಆದ್ರ ಅದನ್ನ ನನ್ನ ಬಾಯಿಲೆ ಅನ್ನಬೇಕಾಗಿತ್ತಲ್ಲ. ನಾನ ಸಾಕು ಅಂದಂಗ ಆಗತಿತ್ತಲ್ಲ.”

ನನ್ನದು ಕಾಗದದ ಮೇಲಿನ ಕೆಲಸ. ಇದು ರೋಗಿಯ ಮಾತು, ನನ್ನದಲ್ಲ ಎಂದು ತೋರಿಸಲು ಅಲ್ಲಿ ಎರಡೂ ಕಡೆ ಚಿಹ್ನೆ ಹಾಕಿ ಕೈತೊಳೆದುಕೊಳ್ಳಬಹುದು. ನನ್ನ ತಮ್ಮನಿಗೆ ಆ ಸೌಲಭ್ಯ ಇರಲಿಲ್ಲ. ಅವನ ಕೈ ಹಿಡಿದುಕೊಂಡೆ.

“ನಾ ಅಪ್ಪನ ಮಾತು ಕೆಡಿಸಿಲ್ಲಕ್ಕಾ,” ಎಂದ ಅವನು. “ಡಾಕ್ಟರಿಗೆ ಮುಟ್ಟಿಸಲಿಲ್ಲ ಅಷ್ಟ. ಎಲ್ಲಾ ಹಂಗ ಇಟ್ಟೀನಿ.”

ಆಮೇಲೆ ಒಂದೊಂದಾಗಿ ಹೇಳತೊಡಗಿದ. ಔಷಧ ಹಾಕುವ ಕೋಣೆಯ ಹೊರಗೆ ಅಪ್ಪ ಅಂದದ್ದು, ಲಿಫ್ಟಿನಲ್ಲಿ ಅಂದದ್ದು, ಆಟೋದಲ್ಲಿ ವಾಂತಿ ಮಾಡಿಕೊಂಡ ಮೇಲೆ ಡ್ರೈವರಿಗೆ ಕೈಮುಗಿದು ಅಂದದ್ದು. ಅಪ್ಪ ಎಲ್ಲಿ ಕೆಮ್ಮಿದ್ದನೋ ಅಲ್ಲಿ ತಮ್ಮನೂ ತಡೆದ. ಅದೇ ಸವೆದ ದನಿ, ಅದೇ ಎಳೆತ. ಹೂವಿನವಳು ತಿರುಗಿ ನೋಡುತ್ತಿದ್ದಳು. ಅಷ್ಟು ತಿಂಗಳು ಅವನು ಇದನ್ನೆಲ್ಲ ಎದೆಯಲ್ಲಿ ಹೊತ್ತುಕೊಂಡು ಆಫೀಸಿಗೆ ಹೋಗಿ ಬಂದಿದ್ದ. ನಾನು ಪಕ್ಕದ ಕೋಣೆಯಲ್ಲಿ ನಿದ್ದೆ ಮಾಡಿದ್ದೆ.

“ಮತ್ತ ನನಗ್ಯಾಕ ಹೇಳಲಿಲ್ಲೋ?” ಎಂದು ಕೇಳಿದೆ.

“ಅಪ್ಪ ಬ್ಯಾಡ ಅಂದಿದ್ದ.”

“ಏನಂತ ಅಂದಿದ್ದ?”

ತಮ್ಮ ಗಂಟಲು ಸರಿಮಾಡಿಕೊಂಡ. “ಅಕ್ಕಗ ಹೇಳಬ್ಯಾಡೋ ತಮ್ಮಾ. ರಾತ್ರಿ ಪೂರಾ ಮಂದೀ ರೋಗ ಬ್ಯಾನಿ ಬರ್ದು ಬಂದಿರತಾಳ. ನಂದೂ ಯಾಕ ಆಕೀಗೆ.”

ನಾನು ಅಳುತ್ತಲೇ ಇನ್ನೊಮ್ಮೆ ಹೇಳು ಎಂದೆ. ಒಂದಕ್ಷರವೂ ಬದಲಿಸದೆ, ಅಪ್ಪ ಹೇಳಿದ ಹಾಗೆಯೇ, ತಮ್ಮ ಇನ್ನೊಮ್ಮೆ ಹೇಳಿದ.